ಡ್ರೈವರ್ ಬದಲಿಸಬೇಕ್ರಿ

ಕಂಪ್ಯೂಟರ್ ರಿಪೇರಿಯವರಿಗೆ ಒಂದು ಮಾತು ಸದಾ ತುದಿನಾಲಿಗೆಯಲ್ಲೇ ಇರುತ್ತದೆ. ಗಿರಾಕಿ ತನ್ನ ಕಷ್ಟ ಅರ್ಧ ಹೇಳಿರುವುದಿಲ್ಲ, ಇವರು 'ಡ್ರೈವರ್ ಪ್ರಾಬ್ಲಂ' ಅಂದುಬಿಡುತ್ತಾರೆ. ಪರದೆ ಕಪ್ಪಾಯಿತೆ, ಡ್ರೈವರ್. ಸೌಂಡು ಬರುತ್ತಿಲ್ಲವೆ, ಡ್ರೈವರ್. ಇಲ್ಲಿ ಡ್ರೈವರ್ ಅಂದರೆ ಮನುಷ್ಯನಲ್ಲ. ಕಂಪ್ಯೂಟರಿನೊಳಗಿನ ಒಂದೊಂದು ಸಾಮಾನಿಗೂ ಹೇಗೆ ನಡೆದುಕೊಳ್ಳಬೇಕೆಂದು ಹೇಳಿಕೊಡುವ ಸಾಫ್ಟ್‌ವೇರು. ಅದನ್ನು ಗಿರಾಕಿಗೆ ಬಿಡಿಸಿ ಹೇಳುವ ಪುರುಸೊತ್ತು ಯಾರಿಗಿದೆ? ಬಳ್ಳಾರಿಯ ಪಾರ್ವತಿನಗರದಲ್ಲಿ ಅಂಗಡಿ ಇಟ್ಟಿದ್ದ ನಿಶಾತ್‌ಗೂ ಆವತ್ತು ಇರಲಿಲ್ಲ. ಕೈಯಲ್ಲಿ ಬಿಚ್ಚಿದ ಪ್ರಿಂಟರು, ಕಿವಿಗೂ ಭುಜಕ್ಕೂ ನಡುವೆ ಮೊಬೈಲು.

ಆ ಕಡೆಯಿಂದ ಗಂಡಸಿನ ಮೆತ್ತನೆಯ ದನಿ. "ಕುರುಗೋಡಿನಿಂದ ಮಾತಾಡಾಕತ್ತೀನ್ರಿ. ಮನಿಯಾಗ ಕಂಪ್ಯೂಟರ್ ಐತ್ರಿ, ಅದರಾಗ ಲಾರಿ ಹೊಡಿಯೋ ಗೇಮ್ ಐತ್ರಿ. ಇಪ್ಪತ್ತು ನಿಮಿಷ ಚಲೋ ಓಡತೈತಿ. ಆಮ್ಯಾಲ ಗಕ್ಕನ ನಿಂತಬಿಡತೈತಿ. ಸ್ಟೇರಿಂಗ್ ತಿರುವಿದ್ರೂ ಇಲ್ಲ, ಏನ್ ಮಾಡಿದ್ರೂ ಇಲ್ಲ. ಇಂಜಿನ್ ಸಪ್ಪಳ ಮಾತ್ರ ಗರ್ರ್ ಅಂತ ಅಲ್ಲೇ ಸಿಕ್ಕೊಂಡಿರತೈತಿ."

"ಡ್ರೈವರ್ ಪ್ರಾಬ್ಲಂ ಇರತೈತ್ರಿ," ಅಂದಳು ನಿಶಾತ್.

ಪ್ರಿಂಟರಿನ ಒಂದು ಸ್ಕ್ರೂ ತಿರುವಿ ಮತ್ತೆ ಕೇಳಿದಳು.

"ಹಲೋ? ಕೇಳಾಕತ್ತೈತೇನ್ರಿ? ಡ್ರೈವರಂದ ತಪ್ಪು ಅದು. ಕೆಟ್ಟ ಡ್ರೈವರ್ ಇಟ್ಕೊಂಡು ಎಷ್ಟು ಓಡಿಸಿದ್ರೂ ಅಷ್ಟ. ಅವನ್ನ ಪೂರಾ ತೆಗದು ಹಾಕ್ಬೇಕು. ಡ್ರೈವರ್ ಬದಲಿಸಬೇಕ್ರಿ."

ಫೋನು ಕಟ್ಟಾಯಿತು. ನಿಶಾತ್ ನೆಟ್‌ವರ್ಕನ್ನು ಬೈದುಕೊಂಡು ಪ್ರಿಂಟರಿಗೆ ತಿರುಗಿದಳು. ಐದು ನಿಮಿಷವೂ ಆಗಿರಲಿಲ್ಲ, ಅದೇ ನಂಬರಿನಿಂದ ಮತ್ತೆ ಫೋನು. ಈ ಸಲ ಹೆಂಗಸು.

"ಯಾರವ್ವಾ ನೀನು? ನನ್ನ ಗಂಡಗ ಕೆಟ್ಟ ಡ್ರೈವರ್ ಅನ್ನಾಕ ನಿನಗೆಷ್ಟ್ ಸೊಕ್ಕು? ಇಪ್ಪತ್ತೆರಡ ವರ್ಷ ಲಾರಿ ಹೊಡದಾನ, ಒಂದ ನಾಯಿಗೂ ಗಾಲಿ ತಾಗಿಸಿಲ್ಲ. ಮೂರ್ ವರ್ಷದ ಹಿಂದ ಲಾರಿ ಪಲ್ಟಿ ಆಗಿದ್ದು ಇವನ ತಪ್ಪಲ್ಲ, ಬ್ರೇಕ್ ಕಟ್ಟಿದವನ ತಪ್ಪು. ಹೋಗಿ ಸಿರುಗುಪ್ಪದ ಮೆಕ್ಯಾನಿಕ್ ಚಾಂದಸಾಬನ್ನ ಕೇಳು! ಮಂದಿ ಬಾಯಿ ಸಾಲದು ಅಂತ ಈಗ ಕಂಪ್ಯೂಟರಿನೋರೂ ಸುರು ಹಚ್ಚಿದ್ರೇನು?"

ನಿಶಾತ್ ಪ್ರಿಂಟರನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಸಿರುಗುಪ್ಪದ ಮೆಕ್ಯಾನಿಕ್ ಚಾಂದಸಾಬ್ ಅವಳ ಅಪ್ಪ.

ತಾನು ಅವನ ಮಗಳೆಂದು ಅವಳು ಹೇಳಲಿಲ್ಲ. ಬದಲಿಗೆ ಡ್ರೈವರ್ ಅಂದರೇನೆಂದು ಬಿಡಿಸಿ ಹೇಳಿದಳು. ಆ ಹೆಂಗಸು, ಹೆಸರು ಸುಂಕಮ್ಮ, ಸುಮ್ಮನೆ ಕೇಳಿಸಿಕೊಂಡಳು.

"ಅಂದ್ರ ಕಂಪ್ಯೂಟರ್ ಒಳಗ ಇನ್ನೊಬ್ಬ ಡ್ರೈವರ್ ಅದಾನಂದಂಗಾತು."

"ಹೂಂ ಅನ್ರಿ ಅಕ್ಕಾ."

"ತಪ್ಪು ಅವಂದು."

"ಅವಂದ ಇರಬಹುದು."

"ಹಂಗಂತ ಮೊದಲ ಹೇಳಬಾರದೇನವ್ವಾ! ನಮ್ಮವ ಫೋನ್ ಇಟ್ಟು ಗ್ವಾಡಿ ಕಡೆ ಮಖ ಮಾಡಿ ಮಲಗ್ಯಾನ. ಉಣ್ಣಾಕೂ ಏಳವಲ್ಲ."

"ಕಂಪ್ಯೂಟರ್ ತಗೊಂಡು ಬರ್ರಿ, ನೋಡೋಣು," ಅಂದಳು ನಿಶಾತ್. ಯಾಕೆ ಅಂದಳೋ ಅವಳಿಗೇ ಗೊತ್ತಿಲ್ಲ. ಕೈ ತುಂಬ ಕೆಲಸ ಇದೆ, ಬೇರೆ ಕಡೆ ನೋಡಿಕೊಳ್ಳಿ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಮನುಷ್ಯನ ಮುಖ ಒಂದು ಸಲ ನೋಡಬೇಕಿತ್ತು ಅವಳಿಗೆ.

ಮೂರು ವರ್ಷದ ಹಿಂದಿನ ಸಂಗತಿ ಇಷ್ಟು. ಚಾಂದಸಾಬ್ ಸಿರುಗುಪ್ಪದಲ್ಲಿ ಮೂವತ್ತು ವರ್ಷ ಲಾರಿ ರಿಪೇರಿ ಮಾಡಿದವನು. ಒಂದು ಸಂಜೆ ಉಚ್ಚಂಗೆಪ್ಪ ಎಂಬ ಡ್ರೈವರು ಓಡಿಸುತ್ತಿದ್ದ ಲಾರಿಗೆ ಬ್ರೇಕ್ ಲೈನರ್ ಬದಲಿಸಿ ಕಳಿಸಿದ. ಮರುದಿನ ನಸುಕಿನಲ್ಲಿ ಅದೇ ಲಾರಿ ಅಕ್ಕಿ ಮೂಟೆ ಹೊತ್ತು ಬಳ್ಳಾರಿಗೆ ಹೊರಟದ್ದು ಕಾಲುವೆ ಸೇತುವೆಯ ಹತ್ತಿರ ರಸ್ತೆ ಬಿಟ್ಟು ಗದ್ದೆಗೆ ಉರುಳಿತು. ಯಾರೂ ಸಾಯಲಿಲ್ಲ, ಉಚ್ಚಂಗೆಪ್ಪನ ಬಲಗಾಲು ಮುರಿಯಿತು. ಬ್ರೇಕ್ ಹಿಡಿಯಲಿಲ್ಲವಂತೆ ಅಂತ ಸುದ್ದಿ ಹಬ್ಬಿತು. ನೋಡಿ ಹೇಳೋಣವೆಂದರೆ ಲಾರಿ ನಜ್ಜುಗುಜ್ಜು. ಯಾವುದು ಮೊದಲು ಮುರಿಯಿತು, ಯಾವುದು ಬಿದ್ದ ಮೇಲೆ ಮುರಿಯಿತು, ಯಾವ ಮಗ ಹೇಳಬೇಕು?

ಚಾಂದಸಾಬನಿಗೆ ಯಾರೂ ಎದುರಿಗೆ ನಿಂತು ಏನೂ ಅನ್ನಲಿಲ್ಲ. ಲಾರಿಗಳು ಬರುವುದು ನಿಂತಿತು, ಅಷ್ಟೆ. ಅದಾದರೂ ತಡೆದುಕೊಳ್ಳಬಹುದಿತ್ತು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಲಾರಿ ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ಹೊಸ ಗಾದೆಯೊಂದು ಹುಟ್ಟಿತು. ಯಾವನಾದರೂ ಮಾತು ಕೊಟ್ಟು ತಪ್ಪಿದರೆ, 'ಇದು ಚಾಂದಸಾಬನ ಬ್ರೇಕ್ ಆತಲ್ಲೋ' ಅಂತ ನಗುವುದು. ಕರೆಂಟು ಹೋದರೆ ಚಾಂದಸಾಬನ ಬ್ರೇಕು. ಅಳಿಯ ಹೇಳಿದ ದಿನ ಬರದಿದ್ದರೆ ಚಾಂದಸಾಬನ ಬ್ರೇಕು. ಹೇಳುವವರಿಗೆ ಅದು ತಮಾಷೆ. ಅದರಲ್ಲಿ ಅರ್ಧ ಮಂದಿಗೆ ಚಾಂದಸಾಬ್ ಯಾರೆಂದೂ ಗೊತ್ತಿರಲಿಲ್ಲ.

ಗ್ಯಾರೇಜು ಮುಚ್ಚಿ ಚಾಂದಸಾಬ್ ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿಯುವ ಕೆಲಸಕ್ಕೆ ಸೇರಿದ. "ಚೀಲದ ಹೊಲಿಗಿ ಬಿಚ್ಚಿದ್ರ ಅಕ್ಕಿ ಚೆಲ್ಲತಾವ, ಮನುಷ್ಯಾ ಸಾಯಂಗಿಲ್ಲ," ಅನ್ನುತ್ತಿದ್ದ. ಮಗಳಿಗೆ ಸುಡುತ್ತಿದ್ದದ್ದು ಊರಿನ ಗಾದೆಯಲ್ಲ, ಈ ಮಾತು. ಯಾಕೆಂದರೆ ಅಪ್ಪ ಅದನ್ನು ನಂಬಿಬಿಟ್ಟಿದ್ದ. ಆವತ್ತು ಎಡಗಡೆ ಹಿಂದಿನ ಗಾಲಿಯ ಕೆಲಸ ನಡೆದಿದ್ದಾಗ ಸಂಜೆಯ ಮಗ್ರಿಬ್ ಆಜಾನ್ ಆಯಿತು, ನಮಾಜಿಗೆ ಎದ್ದು ಹೋದೆ, ಬಂದು ಬ್ರೇಕ್ ಸೆಟ್ಟಿಂಗ್ ಬಿಗಿ ಮಾಡಿದೆನೋ ಇಲ್ಲವೋ ನೆನಪಿಲ್ಲ ಅನ್ನುತ್ತಿದ್ದ. ಮಾಡಿರುತ್ತಿ ಅಪ್ಪಾ ಅಂದರೆ, 'ನೋಡಿದೇನು ನೀನು?' ಅಂತ ಬಾಯಿ ಮುಚ್ಚಿಸುತ್ತಿದ್ದ. ಮೂರು ವರ್ಷದಲ್ಲಿ ಈ ಮಾತು ಮನೆಯೊಳಗೆ ಎಷ್ಟು ಸಲ ಸುತ್ತಿತೋ ಲೆಕ್ಕವಿಲ್ಲ.

ಹೇಳಿದ ಮಾತಿಗೆ ತಪ್ಪದೆ ಗಂಡ ಹೆಂಡತಿ ಫೋನಿನ ಮರುದಿನ ಹನ್ನೊಂದರ ಹೊತ್ತಿಗೆ ಬಸ್ಸಿಳಿದು ಬಂದರು. ಸುಂಕಮ್ಮನ ಸೊಂಟದ ಮೇಲೆ ಕೂಸಿನಂತೆ ಕಂಪ್ಯೂಟರ್ ಡಬ್ಬಿ, ದುಪ್ಪಡಿಯಲ್ಲಿ ಸುತ್ತಿದ್ದು. ಹಿಂದೆ ಕೋಲೂರಿಕೊಂಡು ಉಚ್ಚಂಗೆಪ್ಪ, ಕಂಕುಳಲ್ಲಿ ಆಟದ ಸ್ಟೇರಿಂಗು, ಹೆಗಲ ಚೀಲದಲ್ಲಿ ಅದರ ಪೆಡಲು. ಐವತ್ತರ ಆಸುಪಾಸಿನ ಮನುಷ್ಯ, ಬಲಗಾಲು ಮಡಚದು. ನಿಶಾತ್ ಮೂರು ವರ್ಷ ಮನಸ್ಸಿನಲ್ಲಿ ಬಗೆಬಗೆಯಾಗಿ ಬೈದಿದ್ದ ಮುಖ ಇದಲ್ಲ. ಇದು ಬಾಗಿಲಲ್ಲಿ ಚಪ್ಪಲಿ ಬಿಡಲೋ ಬೇಡವೋ ಅಂತ ನೋಡುತ್ತಿದ್ದ ಮುಖ. ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಕೆಟ್ಟವರು ಕೆಟ್ಟವರ ಹಾಗೆ ಕಾಣಿಸಿದರೆ ಎಷ್ಟು ಸಲೀಸು!

ಉಚ್ಚಂಗೆಪ್ಪ ಸಿರುಗುಪ್ಪ ಕಡೆಯ ಕರೂರಿನವನಂತೆ, ಕುರುಗೋಡು ಹೆಂಡತಿಯ ಊರು. ಕಾಲು ಹೋದ ಮೇಲೆ ಲೈಸೆನ್ಸೂ ಹೋಯಿತು, ಅಲ್ಲೇ ಬಂದು ಉಳಿದರು. ಮಗಳು ಗಂಗೋತ್ರಿಯ ಓದಿಗೆಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ತಂದಿದ್ದರು. ಅದರಲ್ಲಿ ಲಾರಿ ಓಡಿಸುವ ಆಟವೊಂದಿದೆ ಅಂತ ಅವಳೇ ಒಂದು ದಿನ ಅಪ್ಪನನ್ನು ಕೂರಿಸಿದಳು. ಆವತ್ತಿನಿಂದ ಉಚ್ಚಂಗೆಪ್ಪ ದಿನಾ ಎರಡು ತಾಸು ಯಾವುದೋ ದೇಶದ ರಸ್ತೆಯಲ್ಲಿ ಯಾವುದೋ ಊರಿಗೆ ಮಾಲು ಮುಟ್ಟಿಸುತ್ತಾನೆ. "ಅದನ್ನ ಹೊಡದ ದಿನ ನಾಕ ಮಾತು ಆಡತಾನ. ಅದು ಕೆಟ್ಟ ಮ್ಯಾಲ ಮನಿಯಾಗ ಮಾತ ಇಲ್ಲ," ಅಂದಳು ಸುಂಕಮ್ಮ. "ನೀ ಏನರ ಮಾಡು, ಸರಿ ಮಾಡಿಕೊಡವ್ವಾ."

ರಿಪೇರಿಯ ಪಾಠ ನಿಶಾತ್ ಕಲಿತದ್ದು ಪಾಲಿಟೆಕ್ನಿಕ್ಕಿನಲ್ಲಿ ಅಲ್ಲ, ಅಪ್ಪನ ಗ್ಯಾರೇಜಿನಲ್ಲಿ. ಒಂದು ಸಲಕ್ಕೆ ಒಂದೇ ನಟ್ಟು. ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ದೇವರಿಗೂ ಗೊತ್ತಾಗುವುದಿಲ್ಲ. ಒಂದು ಬದಲಿಸು, ಓಡಿಸಿ ನೋಡು, ಅದಲ್ಲವೆಂದರೆ ಮೊದಲಿನ ಹಾಗೆ ಇಟ್ಟು ಮುಂದಿನದಕ್ಕೆ ಹೋಗು. ಈ ಪಾಠ ಕಲಿಸಿದವನೇ ತನ್ನ ವಿಷಯಕ್ಕೆ ಬಂದಾಗ ಏನನ್ನೂ ಓಡಿಸಿ ನೋಡದೆ ತಪ್ಪು ಒಪ್ಪಿಕೊಂಡು ಕೂತಿದ್ದ.

ಮೊದಲು ಹಳೆಯ ಡ್ರೈವರನ್ನು ಬೇರುಸಹಿತ ಕಿತ್ತು ಹೊಸದು ಹಾಕಿದಳು. ಆಟ ಓಡಿಸಿ ನೋಡಬೇಕಲ್ಲ, ಉಚ್ಚಂಗೆಪ್ಪನನ್ನೇ ಕೂರಿಸಿದಳು. ಇಪ್ಪತ್ತೊಂದನೆಯ ನಿಮಿಷಕ್ಕೆ ಪರದೆಯ ಮೇಲೆ ಹಸಿರು ಗೀಟುಗಳು ಎದ್ದವು, ಲಾರಿ ನಿಂತಲ್ಲೇ ನಿಂತಿತು, ಇಂಜಿನ್ ಸದ್ದು ಗರ್ರೆಂದು ಸಿಕ್ಕಿಕೊಂಡಿತು. ಉಚ್ಚಂಗೆಪ್ಪ ಸ್ಟೇರಿಂಗ್ ಬಿಟ್ಟು ಎರಡೂ ಕೈ ಎತ್ತಿದ. "ನಾ ಏನೂ ಮಾಡಿಲ್ಲವ್ವಾ," ಅಂದ.

"ನೀವು ಮಾಡೀರಿ ಅಂತ ಯಾರಂದ್ರು ಕಾಕಾ? ಬಿಡ್ರಿ, ನಾಳಿ ಮುಂದಿಂದು ನೋಡೋಣು."

"ಓದೋದು ಬರಿಯೋದು ಮಾಡಿದ್ರ ಏನೂ ಆಗಂಗಿಲ್ಲ ಅಂತಾಳ ಮಗಳು. ಗೇಮಿಗೆ ಮಾತ್ರ ಯಾಕ ಹಿಂಗ?"

"ಖಾಲಿ ಗಾಡಿ ಎಂಥಾ ಏರು ಬೇಕಾದ್ರೂ ಹತ್ತತೈತಿ. ಇಂಜಿನ್ ಹಣೇಬರ ಗೊತ್ತಾಗೋದು ಲೋಡ್ ಹೇರಿದಾಗ."

ಉಚ್ಚಂಗೆಪ್ಪ ಮೊದಲ ಸಲ ಅವಳ ಮುಖ ನೋಡಿದ. "ಲಾರಿ ಮಂದಿ ಮಾತು ಮಾತಾಡ್ತೀಯಲ್ಲವ್ವಾ," ಅಂದ. ಅವಳು ಡಬ್ಬಿಯ ಮುಚ್ಚಳ ಹಾಕಿದಳು.

ಮರುದಿನದಿಂದ ಅವನೊಬ್ಬನೇ ಬರತೊಡಗಿದ. ಒಂದೊಂದು ಪರೀಕ್ಷೆಗೂ ತಾಸುಗಟ್ಟಲೆ ಆಟ ಓಡಬೇಕು, ಅದಕ್ಕೊಬ್ಬ ಆಳು ಬೇಕು. ನನಗೇನು ಕೆಲಸ, ನಾನೇ ಬರ್ತೀನಿ ಅಂದಿದ್ದ. ನಿಶಾತ್ ಧೂಳು ತೆಗೆದಳು, ಫ್ಯಾನ್ ಒರೆಸಿದಳು, ಚಿಪ್ಪಿನ ಮೇಲಿನ ಒಣಗಿದ ಪೇಸ್ಟು ಕೆರೆದು ಹೊಸದು ಹಚ್ಚಿದಳು. ಇಪ್ಪತ್ತೈದು ನಿಮಿಷ ಓಡಿ ನಿಂತಿತು. ಮೆಮೊರಿ ಪರೀಕ್ಷೆ ಮಾಡಿದಳು, ಸರಿ ಇತ್ತು. ಕರೆಂಟು ಕೊಡುವ ಡಬ್ಬಿಯನ್ನು ಬದಲಿಸಿದಳು, ಮತ್ತೆ ನಿಂತಿತು. ಪ್ರತಿ ಸಲ ನಿಂತಾಗಲೂ ಉಚ್ಚಂಗೆಪ್ಪ ತಾನು ತಪ್ಪು ಮಾಡಿದವನ ಹಾಗೆ ಕೈ ಎತ್ತುತ್ತಿದ್ದ.

ಕೆಲಸದ ನಡುವೆ ಅವಳು ಅವನು ಓಡಿಸುವುದನ್ನು ನೋಡುತ್ತಿದ್ದಳು. ಬಲಗಾಲು ಬಾರದ್ದರಿಂದ ಎರಡೂ ಪೆಡಲಿಗೆ ಎಡಗಾಲೇ. ಆದರೂ ಏನು ನಯ, ಏನು ನಾಜೂಕು! ಉದ್ದನೆಯ ಇಳಿಜಾರು ಬಂದರೆ ಹಾಯಾಗಿ ಇಳಿಸುತ್ತಿದ್ದ, ಮೈಯಲ್ಲಿ ಒಂದಿಷ್ಟೂ ಬಿಗುವಿಲ್ಲ. ಆದರೆ ಆಟದೊಳಗೆ ಹೊತ್ತು ಇಳಿದು ಆಕಾಶ ಕೆಂಪಾಯಿತೋ, ಇವನ ಕೈ ಬಿಗಿಯುತ್ತಿತ್ತು. ಆ ಆಟದಲ್ಲಿ ಡ್ರೈವರನಿಗೂ ದಣಿವಿದೆ. ಬಹಳ ಹೊತ್ತು ಓಡಿಸಿದರೆ ಆಕಳಿಸುತ್ತಾನೆ, ಇನ್ನೂ ಓಡಿಸಿದರೆ ಪರದೆ ಕಣ್ಣು ಮುಚ್ಚಿದಂತೆ ಕತ್ತಲಾಗುತ್ತದೆ. ಅದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿರುವಾಗಲೇ ಉಚ್ಚಂಗೆಪ್ಪ ಲಾರಿಯನ್ನು ಬದಿಗೆ ಹಾಕಿ ಮಲಗಿಸಿಬಿಡುತ್ತಿದ್ದ. ಒಂದು ಸಲ ಅಲ್ಲ, ಪ್ರತಿ ಸಲ.

"ಕಾಕಾ, ಇನ್ನೂ ಭಾಳ ಟೈಮ್ ಐತಿ. ಅಂವ ಆಕಳಿಸೋತನಾ ಹೊಡೀಬಹುದು."

"ಬ್ಯಾಡವ್ವಾ. ಆಕಳಿಕಿ ಬರೂತನಾ ಕಾಯಬಾರದು. ನಿದ್ದಿ ಹೇಳಿ ಬರಂಗಿಲ್ಲ. ಬಂದದ್ದ ಗೊತ್ತಾಗಂಗಿಲ್ಲ."

ಹೇಳಿದವನು ನಾಲಿಗೆ ಕಚ್ಚಿಕೊಂಡು ಪರದೆಯ ಕಡೆ ತಿರುಗಿದ. ನಿಶಾತ್ ಕೈಯಲ್ಲಿದ್ದ ವೈರನ್ನು ಹಿಡಿದೇ ನಿಂತಳು. ಬ್ರೇಕ್ ಕೈಕೊಟ್ಟವನು ಇಳಿಜಾರಿಗೆ ಹೆದರಬೇಕು. ಈ ಮನುಷ್ಯ ಹೆದರುತ್ತಿದ್ದದ್ದು ನಿದ್ದೆಗೆ.

ಆ ಕ್ಷಣಕ್ಕೆ ಅವನ ಅಂಗಿಪಟ್ಟಿ ಹಿಡಿದು ಕೇಳಬೇಕೆನ್ನಿಸಿದ್ದು ಸುಳ್ಳಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿರಲ್ಲೋ ಅಂತ ಬೀದಿಗೆಲ್ಲ ಕೇಳುವಂತೆ ಕೂಗಬೇಕೆನ್ನಿಸಿತು. ಹಿಂದೆಯೇ ಇನ್ನೊಂದು ಯೋಚನೆ ಬಂತು. ನೀನು ಕಂಡದ್ದೇನು? ಒಬ್ಬ ಮುದುಕನಾಗುತ್ತಿರುವ ಮನುಷ್ಯ ಆಟದಲ್ಲಿ ಬೇಗ ಮಲಗುತ್ತಾನೆ, ಇಷ್ಟೇ. ಇಷ್ಟರ ಮೇಲೆ ತೀರ್ಪು ಕೊಟ್ಟರೆ ನಿನಗೂ ಆ ಹೋಟೆಲ್ಲಿನ ಮಂದಿಗೂ ಏನು ಫರಕು? ಅವಳು ವೈರನ್ನು ಅದರ ಜಾಗಕ್ಕೆ ಸಿಕ್ಕಿಸಿ ಕೆಲಸಕ್ಕೆ ಬಾಗಿದಳು. ಆವತ್ತು ಅವನಿಗೆ ಚಹಾ ತರಿಸಲಿಲ್ಲ; ಅಷ್ಟು ಸಿಟ್ಟನ್ನಂತೂ ತೀರಿಸಿಕೊಂಡಳು.

ಉಳಿದದ್ದು ಒಂದೇ ಸಾಮಾನು, ಗ್ರಾಫಿಕ್ಸ್ ಕಾರ್ಡು. ಪರದೆಯ ಮೇಲೆ ಚಿತ್ರ ಬರೆಯುವ ಹಲಗೆ ಅದು. ನಾಲ್ಕನೆಯ ದಿನ ಅದನ್ನು ಕಿತ್ತು ತನ್ನ ಅಂಗಡಿಯ ಒಳ್ಳೆಯ ಕಂಪ್ಯೂಟರಿಗೆ ಹಾಕಿ ಆಟ ಓಡಿಸಿದಳು. ಹದಿನೆಂಟು ನಿಮಿಷಕ್ಕೆ ಅಲ್ಲೂ ಅದೇ ಹಸಿರು ಗೀಟು, ಅದೇ ಗರ್ರ್. ತನ್ನಲ್ಲಿದ್ದ ಹಳೆಯದೊಂದು ಒಳ್ಳೆಯ ಕಾರ್ಡನ್ನು ಉಚ್ಚಂಗೆಪ್ಪನ ಡಬ್ಬಿಗೆ ಹಾಕಿದಳು. ಮೂರು ತಾಸು ಓಡಿತು, ಒಂದು ಸಲವೂ ತಡವರಿಸಲಿಲ್ಲ. ಇನ್ನೇನು ಸಾಕ್ಷಿ ಬೇಕು?

ಕೆಟ್ಟ ಕಾರ್ಡಿಗೆ ಬಿಸಿಗಾಳಿ ಕೊಟ್ಟು ಹದಿನೈದು ದಿನ ಬದುಕಿಸುವ ಕಲೆ ಈ ಧಂದೆಯಲ್ಲಿ ಎಲ್ಲರಿಗೂ ಗೊತ್ತು. ಹಾಗೆ ಮಾಡಿ ಇವನನ್ನು ಸಾಗಹಾಕಿದರೆ ಹೇಗೆ ಅನ್ನುವ ಯೋಚನೆ ನಿಶಾತ್‌ಗೂ ಒಂದು ಗಳಿಗೆ ಬಂತು. ಹದಿನೈದು ದಿನದ ಮೇಲೆ ಮತ್ತೆ ಗೋಡೆ ಕಡೆ ಮುಖ ಮಾಡಿ ಮಲಗಲಿ! ಬಂದಷ್ಟೇ ಬೇಗ ನಾಚಿಕೆಯೂ ಆಯಿತು. ಒಳ್ಳೆಯ ಕಾರ್ಡನ್ನೇ ಉಳಿಸಿ, ಹೆಂಡತಿಯನ್ನು ಕರೆದುಕೊಂಡು ಬಾ, ಡಬ್ಬಿ ತೆಗೆದುಕೊಂಡು ಹೋಗಿ ಅಂತ ಹೇಳಿ ಕಳಿಸಿದಳು.

ಇಬ್ಬರೂ ಬಂದರು. ನಿಶಾತ್ ಕೆಟ್ಟ ಕಾರ್ಡನ್ನು ಮೇಜಿನ ಮೇಲಿಟ್ಟಳು.

"ಕಾಕಾ, ಫೋನಿನಾಗ ನಾ ಅಂದಿದ್ದು ತಪ್ಪಾತು. ಡ್ರೈವರಂದು ತಪ್ಪಿಲ್ಲ. ಕೆಟ್ಟಿದ್ದು ಈ ಕಾರ್ಡು. ಏನೂ ನೋಡದ ಮೊದಲ ಡ್ರೈವರ್ ಮ್ಯಾಲ ಹಾಕೋದು ನಮ್ಮ ಮಂದಿ ಚಟ. ಬಿಚ್ಚೋದು ಬ್ಯಾಡ, ಕೈ ಕೊಳಿ ಮಾಡ್ಕೊಳ್ಳೋದು ಬ್ಯಾಡ ನೋಡ್ರಿ, ಅದಕ್ಕ."

ಸುಂಕಮ್ಮ ಗಂಡನ ಕಡೆ ತಿರುಗಿದಳು, ಮುಖವೆಲ್ಲ ಬೆಳಕು. "ಕೇಳಿದೇನು? ಡ್ರೈವರಂದು ತಪ್ಪಿಲ್ಲಂತ! ಯವ್ವಾ, ಈ ಮಾತು ನಿನ್ನ ಬಾಯಾಗ ಬಂತಲ್ಲ, ನಿನ್ನ ಹೊಟ್ಟಿ ತಣ್ಣಗಿರಲಿ. ಮೂರ್ ವರ್ಷಾತು, ನಾನೂ ಇದನ್ನ ಹೇಳಾಕತ್ತೀನಿ. ಇವಂದು ತಪ್ಪಿಲ್ಲ, ಆ ಸಾಬಂದು ತಪ್ಪು, ಬ್ರೇಕ್ ಅಡ್ಡಾದಿಡ್ಡಿ ಕಟ್ಟಿ..."

"ಅದನ್ನ ಯಾರು ಟೆಸ್ಟ್ ಮಾಡಿದ್ರು ಅಕ್ಕಾ?"

"ಏನಂದಿ?"

"ಈ ಕಾರ್ಡು ಕೆಟ್ಟೈತಿ ಅನ್ನಾಕ ನಾ ನಾಕ ದಿನ ತಗೊಂಡ್ನಿ. ಒಂದೊಂದ ಬಿಚ್ಚಿ, ಓಡಿಸಿ, ಇದಲ್ಲ ಇದಲ್ಲ ಅಂತ ನೋಡಿ ಆಮ್ಯಾಲ ಹೇಳಾಕತ್ತೀನಿ. ಬ್ರೇಕ್ ಕಟ್ಟಿದವರದ ತಪ್ಪು ಅಂತ ಯಾರು ನೋಡಿ ಹೇಳಿದ್ರು?"

"ನಿನಗ್ಯಾಕವ್ವಾ ಆ ಸಾಬನ ಉಸಾಬರಿ?"

"ನಾನು ಅವರ ಮಗಳು."

ಸುಂಕಮ್ಮನ ಬಾಯಿ ತೆರೆದದ್ದು ಹಾಗೇ ಇತ್ತು. ಉಚ್ಚಂಗೆಪ್ಪ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತ ಕೂತಿದ್ದ.

"ಮೊದಲ ಗೊತ್ತಿತ್ತೇನವ್ವಾ, ನಾ ಯಾರಂತ?" ಅವನು ಕೇಳಿದ.

"ಮೊದಲನೇ ದಿನದಿಂದ."

"ಚಾಂದಣ್ಣ ಈಗ ಯಾವ ಗ್ಯಾರೇಜಿನಾಗ ಅದಾನ?"

"ಗ್ಯಾರೇಜು ಬಿಟ್ಟು ಮೂರ್ ವರ್ಷಾತು. ಗಿರಣಿಯಾಗ ಚೀಲ ಹೊಲೀತಾರ. ತಮ್ಮ ಕೈ ಮ್ಯಾಲ ತಮಗ ನಂಬಿಕಿ ಇಲ್ಲ ಅಂತಾರ."

ಉಚ್ಚಂಗೆಪ್ಪ ಏನೋ ಹೇಳಲು ಹೊರಟ, ಹೆಂಡತಿಯ ಮುಖ ನೋಡಿದ, ಕೋಲೂರಿ ಎದ್ದ. ಸುಂಕಮ್ಮ ಡಬ್ಬಿಯನ್ನು ದುಪ್ಪಡಿಯಲ್ಲಿ ಸುತ್ತಿಕೊಂಡು ಸೊಂಟಕ್ಕೇರಿಸಿದಳು. ಹೋಗಿ ಬರ್ತೀವಿ ಅಂತಲೂ ಅನ್ನದೆ ಇಬ್ಬರೂ ಬಸ್‌ ಸ್ಟ್ಯಾಂಡಿನ ದಾರಿ ಹಿಡಿದರು. ನಿಶಾತ್‌ಗೆ ಅಳು ಬಂತು. ಆಡಬೇಕಾದ್ದನ್ನು ಆಡಿದೆನೆಂದು ಸಮಾಧಾನವೂ ಇಲ್ಲ, ಇಷ್ಟೇ ಆಡಿ ಬಿಟ್ಟೆನಲ್ಲ ಅಂತ ಹೊಟ್ಟೆ ಉರಿ. ಆವತ್ತು ಅಂಗಡಿಯನ್ನು ಬೇಗ ಮುಚ್ಚಿದಳು.

ಶುಕ್ರವಾರ ಅಂಗಡಿಗೆ ರಜೆ. ಅವಳು ಸಿರುಗುಪ್ಪಕ್ಕೆ ಹೋದಳು. ಅಪ್ಪ ಮಧ್ಯಾಹ್ನದ ನಮಾಜು ಮುಗಿಸಿ ಬಂದು ಊಟ ಮಾಡಿ ಪಡಸಾಲೆಯಲ್ಲಿ ಕೂತಿದ್ದ. ಅವ್ವ ಲಾಲಬೀ ಅಡುಗೆಮನೆಯಲ್ಲಿ. ನಿಶಾತ್ ಉಚ್ಚಂಗೆಪ್ಪನ ವಿಷಯ ಎತ್ತಬೇಕೋ ಬೇಡವೋ ಅಂತ ತೂಗಿನೋಡುತ್ತಿದ್ದಾಗ ಬಾಗಿಲಲ್ಲಿ ಕೋಲಿನ ಸದ್ದಾಯಿತು.

ಚಾಂದಸಾಬ್ ತಲೆ ಎತ್ತಿ ನೋಡಿದ. ನೋಡಿದ ಕೂಡಲೇ ಗುರುತು ಹಿಡಿದ. ಎದ್ದು ನಿಂತವನು, ನಿಶಾತ್ ಅಂದುಕೊಂಡಂತೆ ಕೂಗಾಡಲಿಲ್ಲ. "ಬಾ ಉಚ್ಚಂಗಿ, ಕುಂದ್ರು. ಕಾಲು ಹೆಂಗೈತಿ?" ಅಂದ. ಮೂರು ವರ್ಷದಿಂದ ಆ ಕಾಲನ್ನು ಮುರಿದವನು ತಾನೇ ಅಂದುಕೊಂಡವನ ದನಿ ಅದು.

ಉಚ್ಚಂಗೆಪ್ಪ ಕೂರಲಿಲ್ಲ. "ಮೂರ್ ಸಲ ಬಂದಿದ್ನಿ ಚಾಂದಣ್ಣಾ. ಬಸ್‌ ಸ್ಟ್ಯಾಂಡಿನತನಾ ಬಂದು ಹೊಳ್ಳಿ ಹೋದ್ನಿ."

"ಬಾರದ್ದ ಚಲೋ ಆತು. ನಿನಗ ಮಖ ತೋರ್ಸಾಕ ನನಗೂ ಧೈರ್ಯ ಇದ್ದಿಲ್ಲ." ಚಾಂದಸಾಬ್ ಒಂದು ಹೆಜ್ಜೆ ಮುಂದೆ ಬಂದ. "ಒಂದ ಮಾತು ಕೇಳ್ತೀನಿ, ಖರೇ ಹೇಳು. ಆವತ್ತು ಪೆಡಲ್ ಒಳಗ ಹೋತೋ, ಗಟ್ಟಿ ಇತ್ತೋ? ಗಾಡಿ ಎಡಕ್ಕ ಎಳೀತೇನು? ಎಡಗಡೆ ಹಿಂದಿನ ಗಾಲಿ ಹಿಡೀಲಿಲ್ಲ, ಹೌದಿಲ್ಲೋ? ನಾನು ನಮಾಜಿಗೆ ಹೋಗಿ ಬಂದು ಅದನ್ನ ಬಿಗಿ ಮಾಡೀನೋ ಇಲ್ಲೋ..."

"ನಾ ಒತ್ತಲಿಲ್ಲ."

"ಏನು?"

"ಬ್ರೇಕ್ ನಾ ಒತ್ತಲೇ ಇಲ್ಲ ಚಾಂದಣ್ಣಾ. ನಿದ್ದಿ ಹತ್ತಿತ್ತು. ಕಣ್ಣ ತೆರದಾಗ ಲಾರಿ ಗದ್ದಿಯಾಗಿತ್ತು."

ಅಡುಗೆಮನೆಯ ಬಾಗಿಲಿಗೆ ಲಾಲಬೀ ಬಂದು ನಿಂತಳು. ಉಚ್ಚಂಗೆಪ್ಪ ಒಂದೇ ಉಸಿರಿಗೆ ಉಳಿದದ್ದನ್ನೂ ಹೇಳಿಬಿಟ್ಟ. ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿ ಮಲಗಿಸಿದ್ದಾಗ ಯಾರೋ ಬಂದು 'ಬ್ರೇಕ್ ಹಿಡೀಲಿಲ್ಲೇನು?' ಅಂತ ಕೇಳಿದರು. ಇವನು 'ಹೂಂ' ಅಂದ. ಆ ಒಂದು ಹೂಂ ಬಿಟ್ಟರೆ ಬೇರೇನೂ ಹೇಳಲಿಲ್ಲ. ಹೆಂಡತಿ ಅದನ್ನೇ ನಂಬಿ ಊರೂರಿನ ಜೊತೆ ಜಗಳಾಡಿದಳು. ಅವಳಿಗೂ ಇವತ್ತು ಮುಂಜಾನೆಯೇ ಹೇಳಿದ್ದು, ಆಗಿನಿಂದ ಅವಳು ಇವನನ್ನು ಮಾತಾಡಿಸಿಲ್ಲ.

"ನಿನ್ನ ಮಗಳು ಫೋನಿನಾಗ ಡ್ರೈವರಂದ ತಪ್ಪು ಅಂದಾಗ ಮೈ ಜುಂ ಅಂತು. ಕಡೀಕ ಒಬ್ಬರಿಗೆ ಗೊತ್ತಾತಲ್ಲ ಅನಿಸ್ತು. ಆಮ್ಯಾಲ ನಾ ಯಾರಂತ ಗೊತ್ತಿದ್ದೂ ನಾಕ ದಿನ ಕುಂತು ಹುಡುಕಿ, ಡ್ರೈವರಂದು ತಪ್ಪಿಲ್ಲ ಕಾಕಾ ಅಂದ್ಲು. ಅದನ್ನ ತಡಕೊಳ್ಳಾಕ ಆಗಲಿಲ್ಲ ನೋಡು. ಲಾರಿ ಸ್ಟ್ಯಾಂಡಿನ ಹೋಟೆಲ್ಲಿಗೆ ಹೋಗಿ, ಎಲ್ಲಾರ ಮುಂದ ಹೇಳೇ ಬಂದೀನಿ ಈಗ."

"ಏನಂದ್ರು?" ಕೇಳಿದವಳು ನಿಶಾತ್.

"ಆತು ಬಿಡು, ಹಳೇ ಮಾತು ಅಂದ್ರು."

ಚಾಂದಸಾಬ್ ಇದಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವನು ನಿಂತಲ್ಲೇ ನಿಂತಿದ್ದ. ಈಗ ಹೊಡೆಯುತ್ತಾನೆ ಅಂದುಕೊಂಡಳು ನಿಶಾತ್, ಹೊಡೆಯಲಿ ಅಂತಲೂ ಅಂದುಕೊಂಡಳು. ಉಚ್ಚಂಗೆಪ್ಪನೂ ಅದಕ್ಕೇ ಕಾದವನಂತೆ ತಲೆ ತಗ್ಗಿಸಿದ್ದ.

"ನೀ ಸುಳ್ಳ ಹೇಳಿದಿ. ಅಂಜಿ ಹೇಳಿದಿ, ಹೋಗಲಿ," ಅಂದ ಚಾಂದಸಾಬ್. "ನಾ ಯಾಕ ನಂಬಿದ್ನಲೇ? ಮೂವತ್ತ ವರ್ಷ ಈ ಕೈಲೆ ಬ್ರೇಕ್ ಕಟ್ಟೀನಿ. ನನ್ನ ಕೈ ಬಿಟ್ಟು ನಿನ್ನ ಮಾತ ನಾ ಯಾಕ ನಂಬಿದ್ನಿ?"

ಅವನು ಹೆಂಡತಿಯ ಕಡೆ ತಿರುಗಿದ. ಅವಳು ಅಲ್ಲೇ ನಿಂತು ಎಲ್ಲವನ್ನೂ ಕೇಳಿದ್ದಳು. ಆದರೂ ಅವಳಿಗೆ ಹೊಸದಾಗಿ ಹೇಳಬೇಕು ಅನ್ನುವವನ ಹಾಗೆ ಹೇಳಿದ.

"ಲಾಲಬೀ, ಕೇಳಿದೇನು? ಅಂವ ಒತ್ತಲೇ ಇಲ್ಲಂತ. ಒತ್ತಿದ್ರ ಹಿಡೀತಿತ್ತು. ಹಿಡೀತಿತ್ತು ಲಾಲಬೀ."

ಗ್ಯಾರೇಜು ಮುಚ್ಚಿದ ದಿನವೂ ಅಳದ ಅಪ್ಪ ಮಗಳ ಎದುರು, ಪರರ ಎದುರು, ಗೋಡೆಗೆ ಕೈಕೊಟ್ಟು ನಿಂತು ಗೊಳೋ ಅಂತ ಅತ್ತ.